ಉಮೇದುವಾರನಿಗೊಂದು ಮತ, ಠರಾವಿಗೊಂದು ಮತ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಊರ ಚುನಾವಣೆ ಬಂದಿತೆಂದರೆ ನಮ್ಮ ಕಟ್ಟೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಯಾರು ನಿಂತಿದ್ದಾರೆ?’ ಎಂಬುದು. ‘ಏತಕ್ಕಾಗಿ ನಿಂತಿದ್ದಾರೆ?’ ಎಂದು ಕೇಳುವವರು ವಿರಳ. ಈ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವ ಒಂದು ಚಿಕ್ಕ ನಗರದ ವೃತ್ತಾಂತವನ್ನು ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆನು.

ಅಮೆರಿಕೆಯ ಈಶಾನ್ಯ ಭಾಗದಲ್ಲಿ ವರ್ಮಾಂಟ್ ಎಂಬ ಸಂಸ್ಥಾನವಿದೆ. ಅಲ್ಲಿಯ ಶಾಂಪ್ಲೇನ್ ಸರೋವರದ ದಂಡೆಯ ಮೇಲಿರುವ ಬರ್ಲಿಂಗ್‌ಟನ್ನೇ ಆ ಸಂಸ್ಥಾನದ ಹಿರಿಯ ನಗರ. ಆದರೂ 2020ರ ಜನಗಣತಿಯಂತೆ ಅದರ ಜನಸಂಖ್ಯೆ 44,743 ಮಾತ್ರ. ಮಾರ್ಚ್ ತಿಂಗಳ ಮೊದಲನೆಯ ಮಂಗಳವಾರ ಅಲ್ಲಿ ‘ಊರಸಭೆಯ ದಿನ’. ಅಂದು ಪೌರರು ತಮ್ಮ ಪ್ರತಿನಿಧಿಗಳನ್ನು ಆರಿಸುವುದಲ್ಲದೆ, ಶಾಲೆಯ ಖರ್ಚು, ಕರ, ಸಾಲ, ನಗರದ ನಿಬಂಧನೆಗಳ ತಿದ್ದುಪಡಿ ಮೊದಲಾದ ಠರಾವುಗಳಿಗೆ ಅಹುದೆಂದೋ ಅಲ್ಲವೆಂದೋ ನೇರವಾಗಿ ಮತ ಕೊಡುವರು.

1981ರಲ್ಲಿ ಬರ್ನಿ ಸ್ಯಾಂಡರ್ಸ್ ಎಂಬ ಪಕ್ಷೇತರ ಉಮೇದುವಾರನು, ಬಹುಕಾಲದಿಂದ ಅಧಿಕಾರದಲ್ಲಿದ್ದ ನಗರಾಧ್ಯಕ್ಷ ಗಾರ್ಡನ್ ಪ್ಯಾಕೆಟ್ಟನನ್ನು ಸೋಲಿಸಿದನು. ಮರುಎಣಿಕೆಯ ತರುವಾಯ ಉಳಿದ ಅಂತರವು 10 ಮತಗಳು. ನಮ್ಮ ಒಂದು ಕೂಡುಕುಟುಂಬವು ಅಂದು ಮನೆಯಲ್ಲಿಯೇ ಕುಳಿತಿದ್ದರೆ ಕಡಿಮೆಯಾಗುತ್ತಿದ್ದಷ್ಟು! ಅದೇ ಸ್ಯಾಂಡರ್ಸ್ ಮುಂದೆ 2007ರಲ್ಲಿ ದೇಶದ ಸೆನೆಟ್ ಸಭೆಯನ್ನು ಪ್ರವೇಶಿಸಿದನು.

ಇಷ್ಟು ಪ್ರಿಯನಾದ ಅಧ್ಯಕ್ಷನು ಸರೋವರದ ದಂಡೆಯನ್ನು ಸುಧಾರಿಸಲು ಒಂದು ಯೋಜನೆಯನ್ನು ಸಿದ್ಧಪಡಿಸಿದನು. ಅದಕ್ಕೆ ಬೇಕಾದ ಸಾಲದ ಠರಾವು 1985ರಲ್ಲಿ ಪೌರರ ಮುಂದೆ ಬಂದಿತು. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರು. ಆದರೆ ನಿಯಮದಂತೆ ಮೂರರಲ್ಲಿ ಎರಡು ಪಾಲು ಬೇಕಾಗಿದ್ದಿತು. ಠರಾವು ಬಿದ್ದಿತು. 1987ರಲ್ಲಿ ಅದೇ ಪೌರರು ಅದೇ ಅಧ್ಯಕ್ಷನನ್ನು ಪುನಃ ಆರಿಸಿದರು! ಮನುಷ್ಯನು ಬೇಕು, ಆತನ ಈ ಯೋಜನೆಗೆ ನಮ್ಮ ಒಪ್ಪಿಗೆ ಸಾಲದು ಎಂದು ಹೇಳುವ ಸ್ವಾತಂತ್ರ್ಯವು ಅವರಿಗಿದ್ದಿತು. ಇಂದು ಆ ದಂಡೆಯ ಮೇಲೆ ಸಾರ್ವಜನಿಕರ ಉದ್ಯಾನವಿದೆ.

ಮತ ಎಣಿಸುವ ಕ್ರಮವನ್ನು ಸಹ ಅವರು ತಾವೇ ಗೊತ್ತುಪಡಿಸಿದರು. ಉಮೇದುವಾರರನ್ನು ಒಂದು, ಎರಡು, ಮೂರು ಎಂದು ಅನುಕ್ರಮವಾಗಿ ಗುರುತಿಸುವ ಪದ್ಧತಿಯನ್ನು 2005ರಲ್ಲಿ ಅಂಗೀಕರಿಸಿದರು. 2009ರ ಚುನಾವಣೆಯಲ್ಲಿ ಮೊದಲ ಎಣಿಕೆಯಲ್ಲಿ ಮುಂದಿದ್ದವನು ಕಡೆಗೆ ಸೋತುದರಿಂದ ಅಸಮಾಧಾನವೆದ್ದಿತು. 2010ರಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. 2021ರಲ್ಲಿ ಸಭಾಸದರ ಚುನಾವಣೆಗೆ ಅದನ್ನೇ ಮರಳಿ ಕರೆದರು. ಇದನ್ನು ಚಂಚಲತೆಯೆಂದು ಕೆಲವರು ನಗಬಹುದು. ತಮ್ಮ ತಪ್ಪನ್ನು ತಾವೇ ಕಂಡು ತಾವೇ ತಿದ್ದಿಕೊಳ್ಳುವ ಅಭ್ಯಾಸವೆಂದು ನಾನು ತಿಳಿಯುವೆನು.

ಇನ್ನು ನಮ್ಮ ಮಾತು. 1992ರ 74ನೆಯ ತಿದ್ದುಪಡಿಯಿಂದ ನಮ್ಮ ಪೌರಸಂಸ್ಥೆಗಳಿಗೆ ರಾಜ್ಯಾಂಗದ ಆಧಾರವೂ ಐದು ವರ್ಷಗಳ ಅವಧಿಯೂ ದೊರೆತವು. ಸ್ತ್ರೀಯರಿಗೆ ಮೂರರಲ್ಲಿ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮೀಸಲಾದವು. ಆದರೆ ನಮ್ಮ ಪುರಸಭೆಗಳಲ್ಲಿ ಮತದಾರನು ಆರಿಸುವುದು ವಾರ್ಡಿನ ಸದಸ್ಯನನ್ನು ಮಾತ್ರ. ಅಧ್ಯಕ್ಷರನ್ನು ಸದಸ್ಯರು ಆರಿಸುವರು. ಠರಾವುಗಳನ್ನೂ ಅವರೇ ಮಾಡುವರು. ಒಂದೇ ಮತದಲ್ಲಿ ನಲ್ಲಿಯ ನೀರು, ಚರಂಡಿ, ಮನೆಯ ಕಂದಾಯ ಎಲ್ಲವನ್ನೂ ಐದು ವರ್ಷಗಳಿಗೆ ಒಪ್ಪಿಸಿಬಿಡುತ್ತೇವೆ. ಆ ಒಂದು ಮತವನ್ನೂ ಜಾತಿ ನೋಡಿಯೋ ದಾಕ್ಷಿಣ್ಯಕ್ಕೆ ಸಿಕ್ಕಿಯೋ ಕೊಟ್ಟರೆ ನಮ್ಮ ಕೈಯಲ್ಲಿ ಉಳಿಯುವುದೇನು?

ಮಹನೀಯರೇ, ಕನ್ನಡ ನಾಡು 1956ನೆಯ ನವೆಂಬರ್ 1ರಂದು ಪಾರ್ಲಿಮೆಂಟಿನ ಶಾಸನದಿಂದ ಒಂದಾಯಿತು. ಆ ಶಾಸನದ ಹಿಂದೆ ದಶಕಗಳ ಕಾಲ ಊರೂರಲ್ಲಿ ಕೂಡಿದ ಸಭೆಗಳಿದ್ದವು, ಅಲ್ಲಿ ಮಾಡಿದ ಠರಾವುಗಳಿದ್ದವು. ನಮ್ಮ ಹಿರಿಯರು ಅಂದು ಒಂದು ವಿಷಯಕ್ಕಾಗಿ ಕೂಡಿದರು. ಆ ಅಭ್ಯಾಸವನ್ನು ನಾವು ನಮ್ಮ ವಾರ್ಡಿನಲ್ಲಿ ಮರಳಿ ಹಿಡಿಯಲಾರೆವೇ?

ಆದುದರಿಂದ ನನ್ನ ಸೂಚನೆ ಇಷ್ಟೇ. ಚುನಾವಣೆಗೆ ಮುನ್ನ ವಾರ್ಡಿನ ಉಮೇದುವಾರರೆಲ್ಲರನ್ನೂ ಒಂದೇ ವೇದಿಕೆಗೆ ಕರೆಯೋಣ. ನೀರು, ನೈರ್ಮಲ್ಯ, ಕಂದಾಯ—ಈ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದುಕೊಳ್ಳೋಣ. ವರ್ಷ ತುಂಬಿದ ದಿನ ಗೆದ್ದವರನ್ನು ಇದೇ ವಾಚನಾಲಯಕ್ಕೆ ಆಮಂತ್ರಿಸಿ, ಆ ಬರಹವನ್ನು ಅವರ ಸಮಕ್ಷಮದಲ್ಲಿ ಓದೋಣ. ಉಪಾಧ್ಯಾಯ ಬಂಧುಗಳು ಲೇಖನಿ ಹಿಡಿಯುವ ಭಾರವನ್ನು ವಹಿಸಬೇಕೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುವೆನು.