ಕಾಫಿ ಚರಟ ಮತ್ತು ಹಳದಿಯಾದ ಕೇಪಳ



ಪುಣೆಗೆ ಬಂದು ಎಷ್ಟೇ ವರ್ಷವಾದರೂ ನಮ್ಮ ಮನೆಗಳಲ್ಲಿ ಫಿಲ್ಟರ್ ಕಾಫಿ ತಪ್ಪಿಲ್ಲ. ಫಿಲ್ಟರಿನಲ್ಲಿ ಉಳಿದ ಚರಟವನ್ನು ಗಿಡದ ಬುಡಕ್ಕೆ ಸುರಿಯುವುದೂ ರೂಢಿ. ಚರಟದಲ್ಲಿ ಹುಳಿ ಇದೆ, ಹುಳಿಮಣ್ಣು ಬೇಡುವ ಗಿಡಗಳಿಗೆ ಅದು ಒಳ್ಳೆಯದು ಎಂಬ ಮಾತು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಅದರಲ್ಲಿ ಎಷ್ಟು ನಿಜವಿದೆ ಎಂಬುದೇ ನನ್ನ ಇವತ್ತಿನ ವಿಷಯ.

ನರ್ಸರಿಯವರು ಇಕ್ಸೋರ ಎನ್ನುವ ನಮ್ಮ ಕರಾವಳಿಯ ಕೇಪಳ, ಮತ್ತು ಗಂಧರಾಜ, ಇವೆರಡೂ ಹುಳಿಮಣ್ಣಿನ ಗಿಡಗಳು. ಊರಲ್ಲಿ ಮುರಕಲ್ಲಿನ ಗುಡ್ಡದ ಮೇಲೆ ಕೇಪಳ ಯಾರ ಆರೈಕೆಯೂ ಇಲ್ಲದೆ ಹೂ ಬಿಡುತ್ತದೆ. ಜೋರು ಮಳೆ ಅಲ್ಲಿನ ಮಣ್ಣಿನ ಸುಣ್ಣದಂಶವನ್ನು ತೊಳೆದುಬಿಡುತ್ತದೆ. ಮಲೆನಾಡಿನ ಕಾಫಿ ತೋಟಗಳಲ್ಲಂತೂ ಹುಳಿ ಹೆಚ್ಚಾಯಿತೆಂದು ಮಣ್ಣಿಗೆ ಸುಣ್ಣ ಹಾಕುತ್ತಾರೆ.

ಪುಣೆಯಲ್ಲಿ ಇದಕ್ಕೆ ತದ್ವಿರುದ್ಧ. ಇಲ್ಲಿನ ಕಪ್ಪು ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಬೋರ್‌ವೆಲ್ ನೀರು ಗಡಸು. ಸೊಸೈಟಿ ತೋಟದ ಮಣ್ಣಿನಲ್ಲಿ ಕಟ್ಟಡದ ಸಿಮೆಂಟೂ ಸೇರಿರುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ, ಅದು ಕಬ್ಬಿಣದ ಕೊರತೆಯ ಗುರುತು.

ಚರಟದಿಂದ ಇದು ಸರಿಹೋಗುತ್ತದೆಯೇ? ಇಲ್ಲ. ಕಾಫಿಯ ಹುಳಿ ನೀರಿನಲ್ಲಿ ಕರಗುವಂಥದ್ದು. ಬಿಸಿನೀರು ಹಾಕಿದಾಗ ಅದರ ಬಹುಪಾಲು ಡಿಕಾಕ್ಷನ್‌ಗೆ ಇಳಿದು ನಮ್ಮ ಲೋಟಕ್ಕೇ ಬರುತ್ತದೆ. ಉಳಿದ ಚರಟದ ರಸಸಾರ, ಅಂದರೆ ಪಿಎಚ್, ಸಾಮಾನ್ಯವಾಗಿ 6.5ರ ಆಸುಪಾಸಿನಲ್ಲಿರುತ್ತದೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ದಿನಕ್ಕೆ ಎರಡು ಚಮಚ ಚರಟ ಸುಣ್ಣದ ಮಣ್ಣನ್ನು ಬದಲಿಸಲಾರದು.

ಹಸಿ ಚರಟದಿಂದ ಕೆಡುಕೂ ಇದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚರಟವನ್ನು ನೇರವಾಗಿ ಬೆರೆಸಿದ ಮಣ್ಣಿನಲ್ಲಿ ಬ್ರೊಕೊಲಿ, ಮೂಲಂಗಿ, ಸೂರ್ಯಕಾಂತಿ ಗಿಡಗಳ ಬೆಳವಣಿಗೆ ಕುಂಠಿತವಾಯಿತು. ಕುಂಡದಲ್ಲಿ ದಪ್ಪಗೆ ಸುರಿದರೆ ಅದು ಒಣಗಿ ಹೆಕ್ಕಳೆಗಟ್ಟುತ್ತದೆ, ನೀರು ಒಳಗಿಳಿಯುವುದಿಲ್ಲ.

ಹಾಗೆಂದು ಚರಟವನ್ನು ಕಸದ ಬುಟ್ಟಿಗೆ ಹಾಕಬೇಡಿ. ಅದರಲ್ಲಿ ಸುಮಾರು ಶೇ. 2ರಷ್ಟು ಸಾರಜನಕ ಇದೆ. ತರಕಾರಿ ಸಿಪ್ಪೆ, ಒಣಗಿದ ಎಲೆಗಳ ಜೊತೆ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ. ಒಟ್ಟು ಪ್ರಮಾಣದ ಐದನೇ ಒಂದು ಭಾಗ ಮೀರದಿರಲಿ. ಚೆನ್ನಾಗಿ ಕಳಿತ ಮೇಲೆ ಎಲ್ಲ ಗಿಡಕ್ಕೂ ಕೊಡಬಹುದು.

ಕೇಪಳಕ್ಕೆ ಬೇಕಾದದ್ದು ಬೇರೆ. ಮಳೆಗಾಲದಲ್ಲಿ ಬಾಲ್ಕನಿಯ ಬಕೆಟ್ಟಿನಲ್ಲಿ ಮಳೆನೀರು ಹಿಡಿದು ಅದನ್ನೇ ಹಾಕಿ. ಅದರಲ್ಲಿ ಸುಣ್ಣದಂಶ ಇರುವುದಿಲ್ಲ. ಎಲೆ ಹಳದಿಯಾಗಿದ್ದರೆ ಚಿಲೇಟೆಡ್ ಕಬ್ಬಿಣ ಕೊಡಿ. ಪ್ಯಾಕೆಟ್ ಮೇಲೆ ಇಡಿಡಿಎಚ್‌ಎ ಎಂದಿದ್ದರೆ ಸುಣ್ಣದ ಮಣ್ಣಿಗೆ ಹೊಂದುತ್ತದೆ. ನೆಲದಲ್ಲಿ ನೆಟ್ಟಿದ್ದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಗಂಧಕದ ಪುಡಿ. ಮಣ್ಣಿನ ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲವಾಗಿಸಲು ತಿಂಗಳುಗಳೇ ಬೇಕು, ಆದ್ದರಿಂದ ತಾಳ್ಮೆ ಇರಲಿ.

ತವರಿನಿಂದ ತಂದ ಗಿಡ ಇಲ್ಲಿ ಸೊರಗಿದರೆ ನಮ್ಮಲ್ಲಿ ಎಷ್ಟೋ ಜನ "ನನ್ನ ಕೈಗುಣ ಸರಿಯಿಲ್ಲ" ಎಂದು ನೊಂದುಕೊಂಡು ಮತ್ತೆ ಗಿಡ ನೆಡುವುದನ್ನೇ ಬಿಡುತ್ತಾರೆ. ಕೈಗುಣದ ಮಾತು ಬಿಡಿ, ಮೊದಲು ನಲ್ಲಿಯ ನೀರನ್ನೂ ಕುಂಡದ ಮಣ್ಣನ್ನೂ ನೋಡಿ. ಈ ಮಳೆಗಾಲದಲ್ಲೇ ಇನ್ನೊಂದು ಕೇಪಳ ನೆಡಿ.