ಆಕಾಶಕ್ಕೆ ಬಣ್ಣ ಇಳಿಸುವ ಬಗೆ



ಸಗರನಾಡಿನ ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ಬೆಟ್ಟಕ್ಕೆ ಬೆಳಕು ಹೊಂದಿಸಿ ಫೋಟೋ ತೆಗೆದರೆ, ಒಮ್ಮೊಮ್ಮೆ ಆಕಾಶ ಬರೀ ಬಿಳಿಯಾಗಿ ಬರುತ್ತದೆ. ಅಲ್ಲಿ ಬಣ್ಣ ತುಂಬಲು ಫೋಟೋಶಾಪ್, ಗಿಂಪ್‌ನಂಥ ತಂತ್ರಾಂಶಗಳಲ್ಲಿ ಗ್ರೇಡಿಯಂಟ್ ಎಂಬ ಸಾಧನವಿದೆ. ಒಂದು ಬಣ್ಣವನ್ನು ಇನ್ನೊಂದರೊಳಗೆ ಮೆಲ್ಲಮೆಲ್ಲನೆ ಕರಗಿಸುವುದೇ ಇದರ ಕೆಲಸ.

ಚಿತ್ರದ ಮೇಲೆ ಹೊಸ ಲೇಯರ್ ತೆರೆಯಿರಿ, ಮೂಲಕ್ಕೆ ಧಕ್ಕೆಯಾಗದು. ನೀಲಿಯಿಂದ ಪಾರದರ್ಶಕಕ್ಕೆ ಇಳಿಯುವ ಗ್ರೇಡಿಯಂಟ್ ಆರಿಸಿ, ಮೇಲಂಚಿನಿಂದ ಬೆಟ್ಟದ ನೆತ್ತಿಯವರೆಗೆ ಮೌಸ್ ಎಳೆಯಿರಿ. ಗೆರೆ ಗಿಡ್ಡವಾದರೆ ಬಣ್ಣ ಥಟ್ಟನೆ ಬದಲಾಗುತ್ತದೆ, ಉದ್ದವಾದರೆ ನಿಧಾನವಾಗಿ. ಪಟ್ಟೆಗಳು ಕಂಡರೆ ಗಾಬರಿ ಬೇಡ. 8 ಬಿಟ್ ಚಿತ್ರದಲ್ಲಿ ಪ್ರತಿ ಮೂಲವರ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇವೆ. 'ಡಿದರ್' ಆಯ್ಕೆ ಮೆಟ್ಟಿಲಂಚನ್ನು ಮರೆಸುತ್ತದೆ.

ನೀಲಿ ಮೇಲುಗಡೆಯೇ ಏಕೆ ಗಾಢ? ದಿಗಂತದ ಕಡೆಯ ಬೆಳಕು ಹೆಚ್ಚು ಗಾಳಿಯನ್ನು ಹಾದು, ಮತ್ತೆ ಮತ್ತೆ ಚದುರಿ ಬಿಳಿಚಿಕೊಳ್ಳುತ್ತದೆ. ಈ ಕ್ರಮ ತಪ್ಪಿದರೆ ಕಣ್ಣು ಒಪ್ಪುವುದಿಲ್ಲ. ನಡುಹಗಲಿನ ಚಿತ್ರಕ್ಕೆ ಸಂಜೆಗೆಂಪು ಬಳಿದರೆ ಬಂಡೆಯ ಗಿಡ್ಡ ನೆರಳೇ ಗುಟ್ಟು ಬಿಟ್ಟುಕೊಡುತ್ತದೆ.

ಒಂದು ಮಾತು ನೆನಪಿರಲಿ: ಪೂರ್ತಿ ಬಿಳಿಯಾದ ಕಡೆ ಕ್ಯಾಮೆರಾ ಕಂಡದ್ದೇನೂ ಉಳಿದಿಲ್ಲ, ಆ ನೀಲಿ ನೀವು ಹಾಕಿದ್ದು. ಚಿತ್ರದ ಕೆಳಗೆ 'ಆಕಾಶದ ಬಣ್ಣ ಸೇರಿಸಿದ್ದು' ಎಂದು ಬರೆಯಿರಿ. ಮೂಲವನ್ನೂ ಕಾಪಾಡಿ.