ತಾಳೆಯಾಗದ ರೀಡಿಂಗಿಗೆ ಎಷ್ಟು ಅಂಕ?

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ವಿ-ನಾಚ್ ಪ್ರಯೋಗ ತಪ್ಪದೆ ಇರುತ್ತದೆ. ಕಾಲುವೆಯ ತುದಿಗೆ ವಿ ಆಕಾರದಲ್ಲಿ ಕತ್ತರಿಸಿದ ತಗಡು. ಅದರ ಮೂಲಕ ನೀರು ಧುಮುಕುತ್ತದೆ. ಹುಕ್ ಗೇಜಿನಲ್ಲಿ ನೀರಿನ ಎತ್ತರ ನೋಡಬೇಕು, ಕೆಳಗಿನ ತೊಟ್ಟಿ ತುಂಬಲು ಎಷ್ಟು ಹೊತ್ತಾಯಿತೆಂದು ಸ್ಟಾಪ್‌ವಾಚಿನಲ್ಲಿ ಅಳೆಯಬೇಕು, ಲೆಕ್ಕ ಹಾಕಿ ಡಿಸ್ಚಾರ್ಜ್ ಗುಣಾಂಕ, ಅಂದರೆ ನಿಜದ ಹರಿವಿಗೂ ಸೂತ್ರ ಹೇಳುವ ಹರಿವಿಗೂ ಇರುವ ಅನುಪಾತ ತೆಗೆಯಬೇಕು. ಅದು 0.6ರ ಆಸುಪಾಸು ಬರಬೇಕೆಂದು ಮ್ಯಾನ್ಯುವಲ್ ಹೇಳುತ್ತದೆ, ಸೀನಿಯರ್‌ಗಳ ರೆಕಾರ್ಡೂ ಹೇಳುತ್ತದೆ. ಹಾಗಾಗಿ ಬರುತ್ತದೆ. ಪ್ರತಿ ವರ್ಷ, ಪ್ರತಿ ಬ್ಯಾಚಿಗೂ ಬರುತ್ತದೆ.

ನೀರು ಅಷ್ಟು ವಿಧೇಯವಾದದ್ದಲ್ಲ. ವಿ-ನಾಚಿನಲ್ಲಿ ಹರಿವು ನೀರಿನ ಎತ್ತರದ ಎರಡೂವರೆ ಘಾತಕ್ಕೆ ಅನುಪಾತದಲ್ಲಿರುತ್ತದೆ. ಎತ್ತರ 50 ಮಿ.ಮೀ. ಇದ್ದಾಗ ಗೇಜು ಓದುವುದರಲ್ಲಿ ಒಂದು ಮಿ.ಮೀ. ತಪ್ಪಿದರೆ ಶೇ. 2ರಷ್ಟು ದೋಷ; ಹರಿವಿನ ಲೆಕ್ಕಕ್ಕೆ ಬರುವಷ್ಟರಲ್ಲಿ ಅದು ಶೇ. 5 ಆಗಿರುತ್ತದೆ. 0.6 ಎಂಬುದು 0.57 ಆಗಬಹುದು, 0.63 ಆಗಬಹುದು. ಗೇಜು ತುಕ್ಕು ಹಿಡಿದಿದ್ದರೆ, ನೀರಿನ ಮೇಲ್ಮೈ ತೊನೆಯುತ್ತಿದ್ದರೆ ಇನ್ನೂ ದೂರ ಹೋಗಬಹುದು. ವಿದ್ಯಾರ್ಥಿಗಳಿಗೆ ಇದು ಗೊತ್ತಿಲ್ಲವೆಂದೇನಲ್ಲ. ರೀಡಿಂಗ್ ‘ಕುಕ್’ ಮಾಡುವಾಗ ಯಾರೂ ಐದು ಸಲವೂ 0.60 ಎಂದು ಬರೆಯುವುದಿಲ್ಲ, 0.59, 0.61, 0.60, 0.62 ಎಂದು ಚೂರು ಚೂರೇ ಚದುರಿಸುತ್ತಾರೆ. ಅಳತೆ ಎಂಬುದು ಚದುರುತ್ತದೆ ಎಂಬ ತಿಳಿವಳಿಕೆ ಇಲ್ಲದವರಿಗೆ ಅಷ್ಟು ನಾಜೂಕಾಗಿ ಸುಳ್ಳು ಬರೆಯಲು ಬಾರದು. ಪ್ರಯೋಗಾಲಯ ಕಲಿಸಬೇಕಾದ ಪಾಠ ಅವರಿಗೆ ದಕ್ಕಿದೆ, ದಕ್ಕಿದ್ದು ಮಾತ್ರ ಹಿಂಬಾಗಿಲಿನಿಂದ.

ಹುಡುಗರ ಪ್ರಾಮಾಣಿಕತೆಯನ್ನು ದೂರುವ ಮುನ್ನ ಅಂಕ ಹೇಗೆ ಬೀಳುತ್ತದೆಂದು ನೋಡುವುದು ಒಳ್ಳೆಯದು. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ರಾಜ್ಯದ ಬಹುಪಾಲು ಕಾಲೇಜುಗಳನ್ನು ಒಂದೇ ಪಠ್ಯಕ್ರಮದೊಳಗೆ ತಂದಿತು. ಲ್ಯಾಬ್ ಪರೀಕ್ಷೆಯ ನಿಯಮಗಳೂ ಒಂದಾದವು. ಪರೀಕ್ಷಕರು ಸೇರಿ ಸಿದ್ಧಪಡಿಸಿದ ಚೀಟಿಗಳಲ್ಲಿ ಒಂದನ್ನು ವಿದ್ಯಾರ್ಥಿನಿ ಎತ್ತಿಕೊಳ್ಳುತ್ತಾಳೆ. ಬೇಡವೆನಿಸಿದರೆ ಒಮ್ಮೆ ಬದಲಿಸಬಹುದು. ಆಗ ವಿಧಾನಕ್ಕೆಂದು ಇಟ್ಟ ಅಂಕ ಸೊನ್ನೆ. ಇತ್ತೀಚಿನ ಸ್ಕೀಮ್‌ಗಳು ಸೂಚಿಸುವ ಹಂಚಿಕೆ ಹೀಗಿದೆ: ಬರವಣಿಗೆಗೆ ಶೇ. 20, ಪ್ರಯೋಗ ನಡೆಸಿ ಫಲಿತಾಂಶ ತೆಗೆದುದಕ್ಕೆ ಶೇ. 60, ವೈವಾಕ್ಕೆ ಶೇ. 20. ಓದಲು ನ್ಯಾಯವಾಗಿಯೇ ಇದೆ. ಆದರೆ ಆ ಅರವತ್ತನ್ನು ಹೇಗೆ ಹಂಚಬೇಕೆಂಬುದು ಪರೀಕ್ಷಕರ ವಿವೇಕಕ್ಕೆ ಬಿಟ್ಟದ್ದು, ಅವರಿಗೋ ಊಟದ ಹೊತ್ತಿಗೆ ಒಂದು ಬ್ಯಾಚು ಮುಗಿಯಬೇಕು. ಉತ್ತರ ಪುಸ್ತಕದ ಬೆಲೆಗೆ ಹತ್ತಿರವಿದ್ದರೆ ಟಿಕ್. ದೂರವಿದ್ದರೆ, “ಎಲ್ಲೋ ತಪ್ಪಾಗಿದೆಯಮ್ಮಾ, ಇನ್ನೊಂದ್ಸಲ ನೋಡು.” ಎಲ್ಲಿ ತಪ್ಪಾಗಿದೆಯೆಂದು ಹುಡುಕಿದವಳಿಗೆ ಹೆಚ್ಚಿನ ಅಂಕವಿಲ್ಲ, ಹುಡುಕದೆ ಅಂಕಿ ತಿದ್ದಿದವಳಿಗೆ ಕಡಿತವೂ ಇಲ್ಲ.

ಮಾನದಂಡಗಳಿಗೆ ಬರವೇನೂ ಇಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 1994ರಲ್ಲಿ ಆರಂಭಿಸಿದ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, 2010ರಲ್ಲಿ ಸ್ವಾಯತ್ತವಾಯಿತು. 2014ರ ಜೂನ್‌ನಲ್ಲಿ ಭಾರತ, ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯವಾಯಿತು. ಇಂಜಿನಿಯರಿಂಗ್ ಪದವೀಧರನಿಗೆ ಏನೇನು ಬರಬೇಕೆಂಬ ಎನ್‌ಬಿಎ ಪಟ್ಟಿಯಲ್ಲಿ ನಾಲ್ಕನೆಯದು ಪಿಒ-4: ಪ್ರಯೋಗವನ್ನು ತಾನೇ ರೂಪಿಸುವುದು, ದತ್ತಾಂಶವನ್ನು ವಿಶ್ಲೇಷಿಸಿ ಅರ್ಥೈಸುವುದು, ಸಮರ್ಥಿಸಿಕೊಳ್ಳಬಲ್ಲ ತೀರ್ಮಾನಕ್ಕೆ ಬರುವುದು. ಪ್ರತಿ ಕಾಲೇಜಿನ ಲ್ಯಾಬ್ ಮ್ಯಾನ್ಯುವಲಿನ ಮೊದಲ ಪುಟಗಳಲ್ಲಿ ಇದು ಅಚ್ಚಾಗಿರುತ್ತದೆ. ಅದೇ ಮ್ಯಾನ್ಯುವಲಿನ ಮುಂದಿನ ಪುಟಗಳಲ್ಲಿ ಪ್ರಯೋಗದ ಹೆಸರು, ಉಪಕರಣ, ಸೂತ್ರ, ಹದಿನೈದು ಹಂತಗಳ ವಿಧಾನ, ಗೆರೆ ಹಾಕಿಟ್ಟ ಟೇಬಲ್ ಎಲ್ಲವೂ ಸಿದ್ಧ. ರೂಪಿಸಲು ಉಳಿದದ್ದು ಏನೆಂಬುದು ಯಾರಿಗೂ ತೊಡಕಿನ ಪ್ರಶ್ನೆಯಾಗಿ ಕಂಡಂತಿಲ್ಲ.

ಲ್ಯಾಬ್ ಇರುವುದಾದರೂ ಏತಕ್ಕೆ ಎಂದು ಅಮೆರಿಕದಲ್ಲಿ ಗಟ್ಟಿಯಾಗಿ ಕೇಳಿಕೊಳ್ಳಬೇಕಾಗಿ ಬಂದದ್ದು ದೂರಶಿಕ್ಷಣದ ದೆಸೆಯಿಂದ. ಮನೆಯಲ್ಲೇ ಕೂತು ಇಂಜಿನಿಯರಿಂಗ್ ಓದುವವನಿಗೆ ಲ್ಯಾಬ್ ಹೇಗೆ ಮಾಡಿಸುವುದು? ಮಾಡಿಸಿದರೂ ಅದು ಕಾಲೇಜಿನ ಲ್ಯಾಬಿಗೆ ಸಮವೇ? ಸಮವೆನ್ನಲು ಮೊದಲು ಕಾಲೇಜಿನ ಲ್ಯಾಬ್ ಏನು ಕಲಿಸುತ್ತಿದೆಯೆಂಬುದು ಗೊತ್ತಿರಬೇಕು. ಅದನ್ನು ಯಾರೂ ಸರಿಯಾಗಿ ಬರೆದಿಟ್ಟಿರಲಿಲ್ಲ. ಮಾನ್ಯತೆ ನೀಡುವ ಎಬಿಇಟಿ ಸಂಸ್ಥೆ, ಸ್ಲೋನ್ ಪ್ರತಿಷ್ಠಾನದ ನೆರವಿನಿಂದ, 2002ರ ಜನವರಿಯಲ್ಲಿ ಸ್ಯಾನ್ ಡಿಯಾಗೋದಲ್ಲಿ ಸುಮಾರು ಐವತ್ತು ಅಧ್ಯಾಪಕರನ್ನು ಸೇರಿಸಿತು. ಅಲ್ಲಿ ಹದಿಮೂರು ಉದ್ದೇಶಗಳ ಪಟ್ಟಿ ಸಿದ್ಧವಾಯಿತು. ಲೈಲ್ ಫೈಸೆಲ್ ಮತ್ತು ಆಲ್ಬರ್ಟ್ ರೋಸಾ 2005ರಲ್ಲಿ ಅದನ್ನು ವಿವರಿಸಿ ಬರೆದ ಲೇಖನ ಈ ಕ್ಷೇತ್ರದವರು ಇಂದಿಗೂ ಮತ್ತೆ ಮತ್ತೆ ಎತ್ತಿಕೊಳ್ಳುವಂಥದ್ದು.

ಉಪಕರಣ ಬಳಕೆ, ದತ್ತಾಂಶ ವಿಶ್ಲೇಷಣೆ, ಸುರಕ್ಷತೆ, ತಂಡದ ಕೆಲಸ ಇವೆಲ್ಲ ಪಟ್ಟಿಯಲ್ಲಿ ಇರಬೇಕಾದವೇ. ಕಣ್ಣು ನಿಲ್ಲುವುದು ಬೇರೆ ಮೂರರ ಮೇಲೆ. ಒಂದು, ಸೋಲಿನಿಂದ ಕಲಿಯುವುದು: ಉಪಕರಣ, ವೈರಿಂಗ್, ವಿಧಾನ ಇವುಗಳಲ್ಲಿ ಎಲ್ಲಿ ತಪ್ಪಿದೆಯೆಂದು ಪತ್ತೆ ಹಚ್ಚಿ ಮತ್ತೆ ಕಟ್ಟುವುದು. ಇನ್ನೊಂದು, ಪ್ರಯೋಗಾಲಯದ ನೀತಿ: ಬಂದ ರೀಡಿಂಗನ್ನು ಬಂದ ಹಾಗೆಯೇ ಹೇಳುವುದು. ಮೂರನೆಯದು ಇಂದ್ರಿಯಗಳ ಎಚ್ಚರ, ಕಣ್ಣು ಕಿವಿ ಮೂಗು ಕೊಡುವ ಸುದ್ದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಸುಡುತ್ತಿರುವ ರೆಸಿಸ್ಟರಿನ ವಾಸನೆ, ಬೇರಿಂಗ್ ಹೋದ ಮೋಟರಿನ ಸದ್ದು, ಎಳೆದು ಪರೀಕ್ಷಿಸುವ ಯುಟಿಎಂ ಯಂತ್ರದಲ್ಲಿ ಸರಳು ತುಂಡಾಗುವ ಮುನ್ನ ಸೊಂಟ ಸಣ್ಣಗಾಗುವುದು ಪರದೆಯ ಮೇಲೆ ಸಿಗುವಂಥವಲ್ಲ. ಭಾರತ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಗೆ ಐಐಟಿಗಳ ಜೊತೆ ಸುರತ್ಕಲ್ಲಿನ ಎನ್‌ಐಟಿಕೆಯೂ ಪ್ರಯೋಗಗಳನ್ನು ಸಿದ್ಧಪಡಿಸಿದೆ. ಕೋವಿಡ್ ಕಾಲದಲ್ಲಿ ಅದು ಎಷ್ಟೋ ಜನರ ಕೈ ಹಿಡಿಯಿತು. ಪೂರ್ವಸಿದ್ಧತೆಗೆ ಅದು ಸೊಗಸಾದ ಸಾಧನ. ಆದರೆ ಸೂತ್ರದ ಮೇಲೆ ಓಡುವ ಪ್ರಯೋಗದಲ್ಲಿ ಸೂತ್ರವನ್ನು ಸಂದೇಹಿಸುವ ಪ್ರಸಂಗವೇ ಬಾರದು.

ಥಿಯರಿಯನ್ನು ಗಟ್ಟಿ ಮಾಡುವುದಕ್ಕೇ ಲ್ಯಾಬ್ ಎಂಬ ನಂಬಿಕೆ ಬಹಳ ಹಳೆಯದು. ಅದನ್ನು ಅಳೆದು ನೋಡಿದವರು ಭೌತಶಾಸ್ತ್ರದವರು. ನತಾಶಾ ಹೋಮ್ಸ್, ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಮತ್ತು ಸಂಗಡಿಗರು ಮೂರು ಸಂಸ್ಥೆಗಳ ಒಂಬತ್ತು ಕೋರ್ಸುಗಳನ್ನು ಹಿಡಿದು, ಲ್ಯಾಬ್ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿದರು. ಲ್ಯಾಬಿನಲ್ಲಿ ಮಾಡಿಸಿದ ವಿಷಯದ ಮೇಲಿನ ಪರೀಕ್ಷೆಯ ಪ್ರಶ್ನೆಗಳಲ್ಲಿ, ಲ್ಯಾಬ್ ಮಾಡಿದವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಲ್ಯಾಬ್ ಮುಚ್ಚಿರೆಂದು ಹೇಳುತ್ತಿಲ್ಲ. ಪಾಠದ ಪುನರಾವರ್ತನೆಗೆ ಅಷ್ಟು ದುಬಾರಿ ಕೋಣೆ ಬೇಕಿಲ್ಲ ಎಂದು ಹೇಳುತ್ತಿದೆ.

ಅದೇ ಹೋಮ್ಸ್ ಮತ್ತು ವೀಮನ್, ಡಗ್ ಬಾನ್ ಜೊತೆಗೂಡಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾಡಿಸಿದ ಲೋಲಕದ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಲೋಲಕವನ್ನು 10 ಡಿಗ್ರಿಯಿಂದ ಬಿಟ್ಟರೂ 20 ಡಿಗ್ರಿಯಿಂದ ಬಿಟ್ಟರೂ ಆವರ್ತಕಾಲ ಒಂದೇ ಎಂದು ಪಿಯುಸಿ ಪುಸ್ತಕದ ಸೂತ್ರ ಹೇಳುತ್ತದೆ. ನಿಜದಲ್ಲಿ ಸುಮಾರು ಶೇ. 0.6ರಷ್ಟು ವ್ಯತ್ಯಾಸವಿದೆ. ಒಂದು ಮೀಟರ್ ಉದ್ದದ ಲೋಲಕಕ್ಕೆ ಅದು ಒಂದು ಸೆಕೆಂಡಿನ ನೂರನೇ ಒಂದು ಭಾಗ. ಒಂದೇ ತೂಗಾಟವನ್ನು ಅಳೆದರೆ ಕಾಣದು, ಏಕೆಂದರೆ ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವರಿಕೆಯೇ ಅದರ ಹತ್ತುಪಟ್ಟು. ಐವತ್ತು ತೂಗಾಟ ಎಣಿಸಿ ಭಾಗಿಸಿದರೆ ಕಾಣುತ್ತದೆ. ಎರಡು ಅಳತೆಗಳನ್ನು ಅನಿಶ್ಚಿತತೆಯ ಸಮೇತ ಹೋಲಿಸಿ, ವಿಧಾನ ಸುಧಾರಿಸಿ, ಮತ್ತೆ ಹೋಲಿಸಿ ಎಂದಷ್ಟೇ ಒಂದು ಗುಂಪಿಗೆ ಹೇಳಿದರು. ಆ ಸುಧಾರಣೆಗೂ ಅಂಕ ಇಟ್ಟರು. ಆ ಗುಂಪಿನವರು ಹಳೆಯ ರೀತಿಯಲ್ಲಿ ಮಾಡಿದವರಿಗಿಂತ ಹನ್ನೆರಡು ಪಟ್ಟು ಹೆಚ್ಚಾಗಿ ತಾವಾಗಿಯೇ ವಿಧಾನವನ್ನು ತಿದ್ದತೊಡಗಿದರು. ಹೊಸ ಉಪಕರಣವೇನೂ ಬರಲಿಲ್ಲ. ದಾರ, ಗುಂಡು, ಗಡಿಯಾರ ಹಳೆಯವೇ.

ತಾಳೆಯಾಗದ ರೀಡಿಂಗನ್ನು ಬದಿಗೊತ್ತುವುದು ಎಳೆಯರ ಚಾಳಿ ಮಾತ್ರವಲ್ಲ. ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯನ್ನು ಪರ್ಕಿನ್-ಎಲ್ಮರ್ ಕಂಪನಿ ಉಜ್ಜಿ ಆಕಾರಕ್ಕೆ ತರುವಾಗ ಆಕಾರ ಪರೀಕ್ಷಿಸಲು ನಲ್ ಕರೆಕ್ಟರ್ ಎಂಬ ಸಾಧನ ಬಳಸಿತು. ಅದರ ಒಂದು ಲೆನ್ಸು ತನ್ನ ಜಾಗದಿಂದ 1.3 ಮಿ.ಮೀ. ಸರಿದು ಕೂತಿತ್ತು. ಅಳತೆ ತಪ್ಪಿದ ಕಾರಣ ಕೇಳಿದರೆ ನಗು ಬರುತ್ತದೆ: ಅಳತೆಯ ಕಡ್ಡಿಗೆ ಹಾಕಿದ್ದ ಮುಚ್ಚಳದ ಕಪ್ಪು ಲೇಪ ಒಂದಿಷ್ಟು ಎದ್ದುಹೋಗಿ, ಬೆಳಕು ಕಡ್ಡಿಯ ತುದಿಯ ಬದಲು ಮುಚ್ಚಳದಿಂದ ಪ್ರತಿಫಲಿಸಿತ್ತು. ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಯಿತು. ಬೇರೆ ಎರಡು ಪರೀಕ್ಷೆಗಳು ದೋಷವನ್ನು ತೋರಿಸಿದ್ದವು. ಅವು ಅಷ್ಟು ನಿಖರವಲ್ಲದ ಸಾಧನಗಳೆಂದು ಅವುಗಳ ಮಾತಿಗೆ ಬೆಲೆ ಸಿಗಲಿಲ್ಲ. 1990ರ ಏಪ್ರಿಲ್‌ನಲ್ಲಿ ಹಬಲ್ ಮೇಲೇರಿತು, ಚಿತ್ರಗಳು ಮಸುಕಾಗಿ ಬಂದವು, 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಆ ಕಂಪನಿಯಲ್ಲಿದ್ದವರು ದಡ್ಡರಲ್ಲ, ಕಳ್ಳರೂ ಅಲ್ಲ. ಎರಡು ರೀಡಿಂಗ್ ಒಂದಕ್ಕೊಂದು ಹೊಂದದಿದ್ದಾಗ ಕೆಲಸ ನಿಲ್ಲಿಸಿ ಕೂರುವ ಅಭ್ಯಾಸ ಆ ಹೊತ್ತಿನಲ್ಲಿ ಗೆಲ್ಲಲಿಲ್ಲ.

ಕಾಲೇಜು ಈ ಅಭ್ಯಾಸ ಕಲಿಸಲು ಹಿಂಜರಿಯುತ್ತಿರುವಾಗ ಉದ್ಯಮದ ಸಂಹಿತೆಗಳು ಅದನ್ನು ಎಂದೋ ನಿಯಮ ಮಾಡಿಕೊಂಡಿವೆ. ಕಾಂಕ್ರೀಟಿನ ಐಎಸ್ 456 ಸಂಹಿತೆಯ ಪ್ರಕಾರ ಮೂರು ಕ್ಯೂಬುಗಳ ಸರಾಸರಿಯೇ ಫಲಿತಾಂಶ. ಯಾವುದಾದರೂ ಒಂದು ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ಆಚೀಚೆ ಹೋದರೆ ಇಡೀ ಫಲಿತಾಂಶ ಅಸಿಂಧು. ಮಿಕ್ಸ್ ಡಿಸೈನ್ ಮಾಡುವ ಇಂಜಿನಿಯರ್ ಎಂ25 ಕಾಂಕ್ರೀಟಿಗೆ 25ರ ಗುರಿ ಇಡುವುದಿಲ್ಲ. ಪ್ರಮಾಣ ವಿಚಲನೆ 4 ಎಂದಿಟ್ಟುಕೊಂಡು, ಅದನ್ನು 1.65ರಿಂದ ಗುಣಿಸಿ ಸೇರಿಸಿ, ಚದರ ಮಿ.ಮೀ.ಗೆ 31.6 ನ್ಯೂಟನ್‌ಗೆ ಗುರಿ ಇಡುತ್ತಾನೆ. ಅಂದರೆ ಚದುರುವಿಕೆಗೆ ಸಿಮೆಂಟಿನ ರೂಪದಲ್ಲಿ ದುಡ್ಡು ತೆರುತ್ತಾನೆ. ಇತ್ತ ಸಿವಿಲ್ ವಿಭಾಗದ ಲ್ಯಾಬಿನಲ್ಲಿ ಕಾಂಕ್ರೀಟ್ ಬಲ ಪಡೆಯುವ 28 ದಿನ ಕಾಯಲು ಟೈಮ್‌ಟೇಬಲ್ ಬಿಡುವುದಿಲ್ಲವೆಂದು ಒಂದು ಬ್ಯಾಚು ಎರಕ ಹೊಯ್ದದ್ದನ್ನು ಇನ್ನೊಂದು ಬ್ಯಾಚು ಒಡೆಯುವುದುಂಟು. ಯಾರ ಕ್ಯೂಬು ಏಕೆ ದುರ್ಬಲವಾಯಿತೆಂದು ಕೇಳುವವರೇ ಇಲ್ಲ.

ಎಲೆಕ್ಟ್ರಾನಿಕ್ಸ್ ವಿಭಾಗದ್ದೂ ಇದೇ ಕಥೆ. 741 ಆಪ್-ಆಂಪ್ ಎಂಬ ವರ್ಧಕ ಚಿಪ್ ಪ್ರತಿ ಕಾಲೇಜಿನ ಡ್ರಾಯರಿನಲ್ಲಿರುತ್ತದೆ. ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟಿಗಿಂತ ವೇಗವಾಗಿ ಅದರ ಔಟ್‌ಪುಟ್ ಏರಲಾರದು. 10 ವೋಲ್ಟ್ ಶಿಖರದ ಸೈನ್ ತರಂಗ ಬೇಕೆಂದರೆ ಸುಮಾರು 8 ಕಿಲೋಹರ್ಟ್ಸ್ ದಾಟುತ್ತಲೇ ಆಸಿಲೋಸ್ಕೋಪಿನ ಪರದೆಯ ಮೇಲೆ ಅದರ ದುಂಡುತನ ಕೆಟ್ಟು ತ್ರಿಕೋನದತ್ತ ವಾಲುತ್ತದೆ. ಆ ಕ್ಷಣವೇ ಇಡೀ ಲ್ಯಾಬಿನ ಅತ್ಯುತ್ತಮ ಪಾಠ. ರೆಕಾರ್ಡಿನಲ್ಲಿ ಮಾತ್ರ ಪೆನ್ಸಿಲ್ಲಿನಿಂದ ಬರೆದ ಮುದ್ದಾದ ಸೈನ್ ತರಂಗ ಇರುತ್ತದೆ, ಕೆಳಗೆ ಮೇಷ್ಟರ ಸಹಿ.

ಇಂಥಲ್ಲಿ ಮಾನದಂಡ ಎಂದರೆ ಏನಾಗಿರಬೇಕು? ಮೊದಲನೆಯದಾಗಿ, ಅನಿಶ್ಚಿತತೆ ಬರೆಯದ ರೀಡಿಂಗಿಗೆ ಪೂರ್ಣ ಅಂಕ ಕೊಡಬಾರದು. ಅಳತೆಯ ಅನಿಶ್ಚಿತತೆಯನ್ನು ಹೇಗೆ ಬರೆಯಬೇಕೆಂಬ ಅಂತರರಾಷ್ಟ್ರೀಯ ಮಾರ್ಗದರ್ಶಿ 1993ರಲ್ಲೇ ಬಂದಿದೆ. ಮಾನ್ಯತೆ ಪಡೆದ ಕ್ಯಾಲಿಬ್ರೇಶನ್ ಲ್ಯಾಬುಗಳು ಅದನ್ನು ಬಿಟ್ಟು ಪ್ರಮಾಣಪತ್ರ ಕೊಡುವಂತಿಲ್ಲ. ಆಬ್ಸರ್ವೇಶನ್ ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಬೇಕು, ಹೊಡೆದು ಹಾಕಿದ್ದು ಕಾಣಿಸಬೇಕು, ಹೊಡೆದು ಹಾಕಿದ ಕಾರಣಕ್ಕೆ ಅಂಕ ಸಿಗಬೇಕು. ಕೆಲವು ಪ್ರಯೋಗಗಳಿಗಾದರೂ ಉತ್ತರ ಮೊದಲೇ ಗೊತ್ತಿರದ ಸ್ಯಾಂಪಲ್ ಕೊಡಬೇಕು: ಯಾವ ಉಕ್ಕೆಂದು ಹೇಳದ ಸರಳು, ಬೆಲೆಯ ಬಣ್ಣದ ಪಟ್ಟಿ ಕೆರೆದು ತೆಗೆದ ರೆಸಿಸ್ಟರ್. ಸೀನಿಯರ್ ರೆಕಾರ್ಡು ಅಲ್ಲಿಗೆ ನಿರುಪಯೋಗಿ.

ಹಣದ ಮಾತು ಬಂದೇ ಬರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ 8.1 ಕೋಟಿ ಪೌಂಡ್ ಸುರಿದು ಡೈಮಂಡ್ ಎಂಬ ಕಟ್ಟಡ ಕಟ್ಟಿ, 2015ರಿಂದ ಎಲ್ಲ ಇಂಜಿನಿಯರಿಂಗ್ ವಿಭಾಗಗಳ ಲ್ಯಾಬುಗಳನ್ನು ಅಲ್ಲಿ ಒಟ್ಟಿಗೆ ನಡೆಸುತ್ತಿದೆ. ಆ ಕಟ್ಟಡಕ್ಕಿಂತ ಗಮನಿಸಬೇಕಾದದ್ದು ಅದರ ಹಿಂದಿನ ಏರ್ಪಾಡು: ಲ್ಯಾಬ್ ಕಲಿಸುವುದನ್ನೇ ಮುಖ್ಯ ಕೆಲಸವಾಗಿ ಉಳ್ಳ ಅಧ್ಯಾಪಕರ, ತಂತ್ರಜ್ಞರ ಪ್ರತ್ಯೇಕ ತಂಡ. ನಮ್ಮಲ್ಲಿ ಲ್ಯಾಬ್ ಹೊಸದಾಗಿ ಸೇರಿದ ಅಧ್ಯಾಪಕರ ಪಾಲಿಗೆ ಬೀಳುತ್ತದೆ. ಯಂತ್ರದ ಮರ್ಮ ಬಲ್ಲ ಇನ್‌ಸ್ಟ್ರಕ್ಟರ್ ಅಥವಾ ಫೋರ್‌ಮನ್ ನಿವೃತ್ತನಾದರೆ ಆ ಹುದ್ದೆ ಬಹುಕಾಲ ಖಾಲಿ ಬಿದ್ದಿರುತ್ತದೆ. ಗೇಜಿನ ಸೊನ್ನೆ ಎಲ್ಲಿದೆ, ಯಾವ ಅಮ್ಮೀಟರ್ ಸುಳ್ಳು ಹೇಳುತ್ತದೆ ಎಂಬುದು ಆತನಿಗೆ ಮಾತ್ರ ಗೊತ್ತಿರುತ್ತದೆ; ಯಾವ ಸುತ್ತೋಲೆಯೂ ಅದನ್ನು ಬರೆಸಿಟ್ಟುಕೊಂಡಿಲ್ಲ.

ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಬೇರೆಯೇ ಒಂದು ಏರ್ಪಾಡಿದೆ. ಥಿಯರಿ ಮತ್ತು ಲ್ಯಾಬ್ ಕೂಡಿದ ಐಪಿಸಿಸಿ ವಿಷಯಗಳಲ್ಲಿ ಪ್ರಾಯೋಗಿಕ ಭಾಗಕ್ಕೆ ಸೆಮಿಸ್ಟರ್ ಕೊನೆಯ ಪ್ರತ್ಯೇಕ ಪರೀಕ್ಷೆ ಇಲ್ಲ. ಆಂತರಿಕ ಐವತ್ತು ಅಂಕಗಳಲ್ಲಿ ಇಪ್ಪತ್ತೈದು ಅದಕ್ಕೆ. ಹೊರಗಿನ ಪರೀಕ್ಷಕರ ಭಯ ಹೋದರೆ ಲ್ಯಾಬ್ ಇನ್ನೂ ಸಡಿಲವಾದೀತೆಂದು ಹಿರಿಯ ಅಧ್ಯಾಪಕರು ಗೊಣಗುತ್ತಾರೆ. ಅವರ ಅಳುಕು ಸುಳ್ಳಲ್ಲ, ಇಂಟರ್ನಲ್ಸ್ ಅಂಕಗಳ ಉದಾರತೆ ಎಲ್ಲರಿಗೂ ಗೊತ್ತು. ಆದರೆ ಇದರಲ್ಲೇ ಒಂದು ಅವಕಾಶವೂ ಇದೆ. ಪ್ರಯೋಗಗಳ ಪಟ್ಟಿ ವಿಶ್ವವಿದ್ಯಾಲಯದ್ದೇ ಆದರೂ, ವಾರವಾರದ ಅಂಕವನ್ನು ಯಾವುದಕ್ಕೆ ಕೊಡಬೇಕೆಂಬುದರಲ್ಲಿ ವಿಭಾಗದ ಕೈ ಮೊದಲಿಗಿಂತ ಬಿಡುವಾಗಿದೆ. ಒಂದು ಪ್ರಯೋಗಕ್ಕಿರುವ ಹತ್ತು ಅಂಕದಲ್ಲಿ ನಾಲ್ಕನ್ನು ತಾಳೆಯಾಗದ ರೀಡಿಂಗಿನ ವಿವರಣೆಗೆ ಮೀಸಲಿಡಲು ಬೆಳಗಾವಿಯ ವಿಟಿಯು ಕಚೇರಿಯ ಅಪ್ಪಣೆಗೆ ಕಾಯಬೇಕಾಗಿಲ್ಲ. ಎನ್‌ಬಿಎ ತಂಡ ಬಂದು ಪಿಒ-4ಕ್ಕೆ ಪುರಾವೆ ಕೇಳಿದಾಗ ವಿಭಾಗಗಳು ಎಕ್ಸೆಲ್ ಹಾಳೆಯ ಶೇಕಡಾವಾರು ಲೆಕ್ಕ ತೆರೆದಿಡುತ್ತವೆ. ಹೊಡೆದು ಹಾಕಿದ ನಾಲ್ಕು ರೀಡಿಂಗ್, ಪಕ್ಕದಲ್ಲಿ ವಿದ್ಯಾರ್ಥಿನಿಯ ಕೈಬರಹದಲ್ಲಿ ಕಾರಣ, ಕೆಳಗೆ ಗೇಜಿನ ಸೊನ್ನೆ ಸರಿಪಡಿಸಿ ಮತ್ತೆ ತೆಗೆದುಕೊಂಡ ನಾಲ್ಕು, ಇಷ್ಟಿರುವ ಒಂದು ಪುಟವನ್ನು ಅವರ ಮುಂದಿಟ್ಟರೆ ಆ ಎಕ್ಸೆಲ್ ಹಾಳೆಯನ್ನು ತೆರೆಯುವ ಅಗತ್ಯವೇ ಬೀಳದಿರಬಹುದು.